ಒಬ್ಬನೇ ಸಾರ್ಜೆಂಟ್, ಊರೆಲ್ಲ ಗುರುತಿನವರು

ಹೋದ ಸಂಚಿಕೆಯಲ್ಲಿ ಐರ್ಲೆಂಡಿನ ಒಂದು ಪೊಲೀಸ್ ಸೀರಿಯಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೆಸರು ‘ಸಿಂಗಲ್ ಹ್ಯಾಂಡೆಡ್’. ಅಲ್ಲಿನ ಆರ್‌ಟಿಇ ವಾಹಿನಿಯಲ್ಲಿ 2007ರಿಂದ 2010ರವರೆಗೆ ಬಂದದ್ದು. ಜಾಕ್ ಡ್ರಿಸ್ಕಲ್ ಅನ್ನುವವನು ಡಬ್ಲಿನ್ ಬಿಟ್ಟು ಪಶ್ಚಿಮ ಕರಾವಳಿಯ ತನ್ನ ಊರಿಗೆ ಸಾರ್ಜೆಂಟ್ ಆಗಿ ಬರುತ್ತಾನೆ. ಅವನಿಗೆ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದವನು ಅವನ ಅಪ್ಪನೇ. ಬರೆದದ್ದು ಇಷ್ಟೇ. ಅಡುಗೆ ಸೀರಿಯಲ್ ಬಗ್ಗೆ ಬರೆದಾಗಲೂ ಇಷ್ಟು ಕಾಗದ ಬಂದಿರಲಿಲ್ಲ. ಆಯ್ದ ಕೆಲವಕ್ಕೆ ಉತ್ತರ ಕೊಡುತ್ತಿದ್ದೇನೆ.

ಸಾಗರದ ನಿವೃತ್ತ ಮೇಷ್ಟ್ರು: ನಿಮ್ಮ ಮಾತು ಕೇಳಿ ನೋಡಿದೆ. ಮಂಜು, ಕುರಿ, ಕಲ್ಲುಗೋಡೆ, ಮತ್ತೆ ಮಂಜು. ಕಥೆ ಯಾವಾಗ ಶುರುವಾಗುತ್ತೆ?

ಮೇಷ್ಟ್ರೇ, ಸಾಗರದ ಮಳೆಗಾಲದಲ್ಲಿ ಕೂತು ನೀವು ಈ ಮಾತು ಹೇಳಬಾರದಿತ್ತು!

ನನ್ನ ಮಗಳು ಐರ್ಲೆಂಡಿನ ಪಶ್ಚಿಮದ ಗಾಲ್ವೇಯಲ್ಲಿ ಹೃದಯಕ್ಕೆ ಹಾಕುವ ಸ್ಟೆಂಟ್ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. 2019ರಲ್ಲಿ ಅವಳ ಮನೆಯಲ್ಲಿ ಮೂರು ತಿಂಗಳು ಇದ್ದೆ. ಒಂದು ಭಾನುವಾರ ಎನ್ 59 ರಸ್ತೆ ಹಿಡಿದು ಕ್ಲಿಫ್ಡನ್ ಕಡೆಗೆ ಹೊರಟೆವು. ಉಕ್ಟರಾರ್ಡ್ ದಾಟಿದ ಮೇಲೆ ಮರಗಳೇ ಇಲ್ಲ ಅನ್ನುವಷ್ಟು ಕಡಿಮೆ. ಎರಡೂ ಕಡೆ ಕಪ್ಪು ಜೌಗು ನೆಲ, ಅಲ್ಲಲ್ಲಿ ಕೆರೆ, ದೂರದಲ್ಲಿ ಟ್ವೆಲ್ವ್ ಬೆನ್ಸ್ ಬೆಟ್ಟಗಳು. ಎದುರಿಗೆ ಬರುವ ಕಾರು ಒಂದು ಮೈಲಿ ದೂರದಿಂದಲೇ ಕಾಣುತ್ತದೆ. ಹತ್ತಿರ ಬಂದಾಗ ಡ್ರೈವರ್ ಸ್ಟಿಯರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಾನೆ. ಅದು ನಮಸ್ಕಾರ. ನಮ್ಮನ್ನು ನೋಡಿ ಎತ್ತಿದ ಬೆರಳು ಅರ್ಧಕ್ಕೇ ನಿಂತಿತು. ಇವರು ಯಾರಪ್ಪಾ ಅಂತ. ಊರಿನವರಲ್ಲ ಅನ್ನುವುದು ಅವನಿಗೆ ಅಷ್ಟು ದೂರದಿಂದಲೇ ಗೊತ್ತಾಗಿರಬೇಕು.

ಈ ಸೀರಿಯಲ್ ಚಿತ್ರೀಕರಣ ಆದದ್ದು ಅದೇ ಕಾನೆಮಾರಾ ಸೀಮೆಯಲ್ಲಿ. ಆ ರಸ್ತೆ ನೋಡಿಬಂದ ಮೇಲೆ ನಿಧಾನ ಯಾಕೆ ಅಂತ ನನಗೆ ತಿಳಿಯಿತು. ಜಾಕ್‌ನ ಕಾರು ದೂರದಿಂದ ಬರುವುದನ್ನು ಕ್ಯಾಮೆರಾ ತೋರಿಸುತ್ತಲೇ ಇರುತ್ತದಲ್ಲ, ಆಗ ನಾವು ಸುಮ್ನೆ ಗುಡ್ಡ ನೋಡುತ್ತಿಲ್ಲ. ಊರಿನವರು ಅವನನ್ನು ನೋಡುತ್ತಿದ್ದಾರೆ. ಅವನು ಬಾಗಿಲು ತಟ್ಟುವ ಹೊತ್ತಿಗೆ ಒಳಗಿದ್ದವರು ಏನು ಹೇಳಬೇಕು, ಏನು ಹೇಳಬಾರದು ಅಂತ ತೀರ್ಮಾನ ಮಾಡಿ, ಟೀಗೆ ನೀರೂ ಇಟ್ಟಾಗಿರುತ್ತದೆ.

ಹಾಗಂತ ನಿಮ್ಮ ದೂರು ಪೂರ್ತಿ ಸುಳ್ಳಲ್ಲ. ಒಂದೊಂದು ಕಥೆಯನ್ನು ಎರಡು ಭಾಗ ಮಾಡಿದ್ದಾರೆ. ಎರಡನೇ ಭಾಗದ ಮೊದಲ ಇಪ್ಪತ್ತು ನಿಮಿಷ ನಾನೂ ಸೊಪ್ಪು ಬಿಡಿಸುತ್ತಾ ನೋಡಿದ್ದೇನೆ.

ಬೆಂಗಳೂರಿನ ವಿಜಯನಗರದಿಂದ ಒಬ್ಬ ವಿದ್ಯಾರ್ಥಿ: ಹೀರೋ ಹತ್ತಿರ ಪಿಸ್ತೂಲೇ ಇಲ್ವಲ್ಲ ಮೇಡಂ? ಬಜೆಟ್ ಕಡಿಮೆಯಾ?

ಬಜೆಟ್ ಅಲ್ಲಪ್ಪ, ಅಲ್ಲಿನ ಪೊಲೀಸೇ ಹಾಗೆ. ಯೂನಿಫಾರ್ಮ್ ಹಾಕಿದ ಸಾಮಾನ್ಯ ಪೊಲೀಸರು ಬಂದೂಕು ಇಟ್ಟುಕೊಳ್ಳುವುದಿಲ್ಲ. ಬಂದೂಕು ಇರುವುದು ಡಿಟೆಕ್ಟಿವ್‌ಗಳಿಗೆ ಮತ್ತು ವಿಶೇಷ ದಳದವರಿಗೆ. ಪಡೆ ಶುರುವಾದದ್ದು 1922ರಲ್ಲಿ, ದೇಶ ಬ್ರಿಟಿಷರಿಂದ ಬಿಡಿಸಿಕೊಂಡ ಬೆನ್ನಿಗೇ, ಅಂತರ್ಯುದ್ಧದ ಬೆಂಕಿ ಹತ್ತುತ್ತಿದ್ದಾಗ. ಅಂಥ ಕಾಲದಲ್ಲೂ ಇವರನ್ನು ಬರಿಗೈಯಲ್ಲಿ ಕಳಿಸಿದರು. ಜನ ನಂಬಿದರೆ ಠಾಣೆ ನಡೆಯುತ್ತೆ, ಇಲ್ಲದಿದ್ದರೆ ಇಲ್ಲ, ಅನ್ನುವ ಲೆಕ್ಕ. ಪಡೆಯ ಹೆಸರು ಗಾರ್ಡ ಶೀಯಖಾನ. ಐರಿಷ್ ಭಾಷೆಯಲ್ಲಿ ಶಾಂತಿ ಕಾಯುವವರು ಅಂತ ಅರ್ಥ. ಹಳ್ಳಿ ಜನ ಪೊಲೀಸ್ ಅನ್ನುವುದೇ ಕಡಿಮೆ. ‘ಗಾರ್ಡ್ ಬಂದ’, ‘ಗಾರ್ಡ್ಸ್ ಹತ್ರ ಹೇಳು’ ಅನ್ನುತ್ತಾರೆ.

ಪಿಸ್ತೂಲ್ ಇಲ್ಲದ್ದರಿಂದಲೇ ಜಾಕ್ ಜಾಸ್ತಿ ಮಾತಾಡಬೇಕಾಗುತ್ತೆ, ಜಾಸ್ತಿ ಸುಮ್ಮನಿರಬೇಕಾಗುತ್ತೆ. ಎರಡನ್ನೂ ಮಾಡಬಲ್ಲ ನಟ ಓವನ್ ಮೆಕ್‌ಡೊನೆಲ್. ‘ಕಿಲ್ಲಿಂಗ್ ಈವ್’ ನೋಡಿದ್ದರೆ ನಿನಗೆ ಗುರುತು ಸಿಗಬೇಕು. ಅದರಲ್ಲಿ ಈವ್‌ಳ ಪಾಪದ ಗಂಡ ನಿಕೋ ಇವನೇ.

ಮೈಸೂರಿನ ಓದುಗರು: ಅಪ್ಪನ ಠಾಣೆಗೆ ಮಗನನ್ನೇ ಹಾಕುವುದು ಎಲ್ಲಾದರೂ ಉಂಟೇ? ನಮ್ಮಲ್ಲಿ ಚುನಾವಣೆ ಬಂದರೆ ಸ್ವಂತ ಜಿಲ್ಲೆಯವರನ್ನೇ ಎತ್ತಂಗಡಿ ಮಾಡುತ್ತಾರೆ.

ಒಳ್ಳೆ ಪ್ರಶ್ನೆ. ಐರ್ಲೆಂಡಿನಲ್ಲೂ ಈ ತಕರಾರು ಎತ್ತಿದವರನ್ನು ನಾನು ಕಂಡಿದ್ದೇನೆ. ಮಗಳ ಪಕ್ಕದ ಮನೆಯ ಅಜ್ಜಿಯ ಅಭಿಪ್ರಾಯವೂ ಇದೇ. ಆಕೆ ಸ್ಕೋನ್ ಬೇಯಿಸಿಕೊಂಡು ಬಂದು ನನ್ನ ಜೊತೆ ಡಿವಿಡಿ ನೋಡುತ್ತಿದ್ದಳು. ‘ಊರಿನ ಹುಡುಗನನ್ನು ಊರಿಗೇ ಗಾರ್ಡ್ ಆಗಿ ಕಳಿಸೋದಾ? ಯಾರು ಒಪ್ತಾರೆ?’ ಅಂತ ಪ್ರತಿ ಸಲ ಗೊಣಗುವಳು. ಆದರೆ ಒಂದು ಭಾಗವನ್ನೂ ತಪ್ಪಿಸಿದವಳಲ್ಲ.

ಗೊಣಗಲು ಕಾರಣ ಹಳೆಯದು. 1922ಕ್ಕೆ ಮೊದಲು ಅಲ್ಲಿದ್ದದ್ದು ಬ್ರಿಟಿಷರ ಆರ್‌ಐಸಿ ಅನ್ನುವ ಪಡೆ. ಅದರಲ್ಲಿ ಕಾನ್‌ಸ್ಟೇಬಲ್‌ಗೆ ಸ್ವಂತ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಕೆಲಸ ಇಲ್ಲ, ಹೆಂಡತಿಯ ಕೌಂಟಿಯಲ್ಲೂ ಇಲ್ಲ! ಇನ್ನೊಂದು ಸ್ವಾರಸ್ಯ ಹೇಳಲಾ? ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಗೆದ್ದು ಅಲ್ಲೊಂದು ಪೊಲೀಸ್ ಪಡೆ ಕಟ್ಟಿದಾಗ ಎದುರಿಗೆ ಇಟ್ಟುಕೊಂಡ ಮಾದರಿ ಇದೇ ಐರಿಷ್ ಪಡೆ. ಮುಂದೆ 1861ರ ಪೊಲೀಸ್ ಕಾಯ್ದೆ ಬಂದಾಗ ಆ ಅಚ್ಚು ನಮ್ಮ ದೇಶಕ್ಕೆಲ್ಲ ಹರಡಿತು. ಹಾಗಾಗಿ ಗಾಲ್ವೇಯ ಆ ಅಜ್ಜಿಯ ಗೊಣಗಾಟಕ್ಕೂ ನಿಮ್ಮ ಎತ್ತಂಗಡಿಗೂ ದೂರದ ನೆಂಟಸ್ತಿಕೆ ಇದೆ ಅನ್ನಬಹುದು.

ಸೀರಿಯಲ್‌ನವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೇ ಮುರಿದಿದ್ದಾರೆ. ಆ ನಿಯಮ ಯಾಕಿದೆ ಅನ್ನುವುದೇ ಅವರ ಕಥೆ.

ನಮ್ಮಪ್ಪ ಹೆಡ್ ಕಾನ್‌ಸ್ಟೇಬಲ್. ಹಾಸನ ಕಡೆಯವರು, ಕೆಲಸ ಮಾತ್ರ ಮಲೆನಾಡಿನ ಒಂದು ಹೋಬಳಿ ಠಾಣೆಯಲ್ಲಿ. ನಾನು ಬೆಳೆದದ್ದು ಠಾಣೆ ಹಿಂದಿನ ಹೆಂಚಿನ ಕ್ವಾರ್ಟರ್ಸ್‌ನಲ್ಲಿ. ಬಂದಾಗ ಅಪ್ಪನಿಗೆ ಅಲ್ಲಿ ಯಾರ ಗುರುತೂ ಇರಲಿಲ್ಲ. ಒಂದೇ ವರ್ಷ. ಆಮೇಲೆ ಊರೆಲ್ಲ ನೆಂಟರೇ. ಒಮ್ಮೆ ಗಡಿ ಜಗಳದಲ್ಲಿ ಒಬ್ಬರನ್ನು ಠಾಣೆಗೆ ಕರೆತರಬೇಕಾಯಿತು. ಅವರು ನಮಗೆ ಹಾಲು ಹಾಕುತ್ತಿದ್ದವರು. ಮಾರನೇ ದಿನ ಹಾಲು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಅಮ್ಮ ಅಪ್ಪನ ಮುಂದೆ ಕರಿ ಕಾಫಿ ಕುಕ್ಕಿದಳು. ಅಪ್ಪ ಮಾತಾಡದೆ ಕುಡಿದರು. ನಾಲ್ಕನೇ ದಿನ ಬೆಳಿಗ್ಗೆ ಜಗಲಿ ಮೇಲೆ ಹಾಲಿನ ಚೊಂಬು ಇತ್ತು. ಯಾರು ಇಟ್ಟರು, ಯಾಕೆ ಇಟ್ಟರು, ಯಾರೂ ಮಾತಾಡಲಿಲ್ಲ. ಆ ಕೇಸು ಏನಾಯಿತು ಅಂತ ನಾನು ಅಪ್ಪನನ್ನು ಕೇಳಲೇ ಇಲ್ಲ. ಇವತ್ತಿಗೂ ಆ ಚೊಂಬು ಕಣ್ಣಮುಂದೆ ಬರುತ್ತದೆ. ರಾಜಿಯಾದದ್ದಕ್ಕೆ ಬಂದ ಹಾಲೋ, ಅಪ್ಪ ಬಗ್ಗಿದ್ದಕ್ಕೆ ಬಂದ ಹಾಲೋ?

ಜಾಕ್‌ಗೆ ತನ್ನ ಅಪ್ಪ ಗೆರಿಯ ಬಗ್ಗೆ ಏಳುವುದು ಇದೇ ಅನುಮಾನ, ನೂರು ಪಟ್ಟು ದೊಡ್ಡದಾಗಿ. ಗೆರಿ ದುಷ್ಟನ ಹಾಗೆ ಕಾಣುವುದಿಲ್ಲ. ಊರಿನಲ್ಲಿ ಅವನಿಗೆ ಮರ್ಯಾದೆ ಇದೆ. ಎಷ್ಟೋ ಜಗಳವನ್ನು ಕೋರ್ಟಿಗೆ ಹೋಗದ ಹಾಗೆ ಬಗೆಹರಿಸಿದ ಮನುಷ್ಯ ಅನ್ನಿಸುತ್ತದೆ. ಹಾಗೆ ಬಗೆಹರಿಸುವಾಗ ಏನೇನು ಮುಚ್ಚಿಹಾಕಿದ ಅನ್ನುವುದು ಮಗನ ತಲೆಗೆ ಬೀಳುತ್ತದೆ. ಇಯಾನ್ ಮೆಕೆಲ್ಹಿನಿ ಆ ಅಪ್ಪನನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಅವನನ್ನು ಬೈಯಲು ಬಾಯಿ ಬರುವುದಿಲ್ಲ. ತಾಯಿ ಪಾತ್ರದ ರೂತ್ ಮೆಕೇಬ್ ಇನ್ನೂ ಒಂದು ಕೈ ಮೇಲೆ. ಎಲ್ಲ ಗೊತ್ತಿದ್ದೂ ಸುಮ್ಮನಿರುವ ಹೆಂಗಸಿನ ಮುಖ ಅದು. ನನ್ನ ಅಮ್ಮನ ಮುಖವೂ ಆ ನಾಲ್ಕು ದಿನ ಹಾಗೇ ಇತ್ತು.

ಐರ್ಲೆಂಡಿನ ಲಿಮರಿಕ್‌ನಿಂದ ಒಬ್ಬ ಕನ್ನಡತಿ, ನರ್ಸ್: ನನ್ನ ಜೊತೆ ಕೆಲಸ ಮಾಡುವ ಐರಿಷ್‌ನವರಲ್ಲಿ ಎರಡು ಪಕ್ಷ. ಕೆಲವರು ‘ನಮ್ಮ ಹಳ್ಳಿ ಇಷ್ಟು ಕೆಟ್ಟದಾಗಿಲ್ಲ’ ಅಂತಾರೆ. ಕೆಲವರು ‘ಇದು ಏನೂ ಅಲ್ಲ’ ಅಂತಾರೆ. ನೀವು ಯಾವ ಪಕ್ಷ?

ನಾನು ಮೂರು ತಿಂಗಳ ಅತಿಥಿ, ತೀರ್ಪು ಕೊಡುವ ಯೋಗ್ಯತೆ ನಿಮಗೇ ಜಾಸ್ತಿ. ಆದರೂ ಕೇಳಿದ್ದೀರಿ, ಹೇಳುತ್ತೇನೆ.

ಆ ಕಾಲ ನೆನಪು ಮಾಡಿಕೊಳ್ಳಿ. ದೇಶದ ಉತ್ತರದ ಡೊನೆಗಾಲ್‌ನಲ್ಲಿ 1996ರಲ್ಲಿ ಒಬ್ಬ ದನದ ವ್ಯಾಪಾರಿ ರಸ್ತೆ ಬದಿಯಲ್ಲಿ ಸತ್ತ. ಆ ಕೇಸಿನಲ್ಲಿ ಅಲ್ಲಿನ ಪೊಲೀಸರು ನಡೆದುಕೊಂಡ ರೀತಿಯ ಬಗ್ಗೆ 2002ರಲ್ಲಿ ಮಾರಿಸ್ ಟ್ರಿಬ್ಯುನಲ್ ಅಂತ ವಿಚಾರಣೆ ಕೂತಿತು. ನಿರಪರಾಧಿಗಳನ್ನು ಕೊಲೆಗಾರರು ಅಂತ ಹಿಂಸೆ ಮಾಡಿದ್ದು, ಪೊಲೀಸರೇ ಸುಳ್ಳು ಸ್ಫೋಟಕ ಹುಟ್ಟಿಸಿ ತಾವೇ ಪತ್ತೆ ಹಚ್ಚಿದ ಹಾಗೆ ತೋರಿಸಿದ್ದು, ಎಲ್ಲ ಒಂದೊಂದೇ ವರದಿಯಲ್ಲಿ ಹೊರಗೆ ಬಂತು. ಮೊದಲ ವರದಿ 2004ರಲ್ಲಿ, ಕೊನೆಯದು 2008ರಲ್ಲಿ. ಪೊಲೀಸರ ಮೇಲಿನ ದೂರು ವಿಚಾರಿಸುವ ಹೊಸ ಓಂಬುಡ್ಸ್‌ಮನ್ ಆಯೋಗ ಕೆಲಸ ಶುರು ಮಾಡಿದ್ದು 2007ರ ಮೇ ತಿಂಗಳಲ್ಲಿ. ಅದೇ ವರ್ಷದ ಮೊದಲ ದಿನ ಈ ಸೀರಿಯಲ್ ಟೀವಿಗೆ ಬಂತು. ಅಪ್ಪ ಸಾರ್ಜೆಂಟ್ ಏನೋ ಮುಚ್ಚಿಟ್ಟಿದ್ದಾನೆ ಅಂದಾಗ ಅಲ್ಲಿನ ಜನಕ್ಕೆ ಅದು ಬರೀ ಕಥೆಯಾಗಿ ಕಂಡಿರಲಾರದು.

ಇನ್ನೊಂದು ನನ್ನ ಮನಸ್ಸಿಗೆ ನಾಟಿದ್ದು. ಮೊದಲ ಕಥೆಯಲ್ಲಿ ಕ್ಯಾರವಾನ್‌ನಲ್ಲಿ ಸತ್ತು ಬಿದ್ದಿರುವವಳು ಪೂರ್ವ ಯುರೋಪಿನಿಂದ ಬಂದ ಹುಡುಗಿ. 2004ರಲ್ಲಿ ಪೋಲೆಂಡ್‌ನಂಥ ದೇಶಗಳು ಯುರೋಪಿಯನ್ ಒಕ್ಕೂಟ ಸೇರಿದಾಗ, ಅಲ್ಲಿನ ಕೆಲಸಗಾರರಿಗೆ ಮೊದಲ ದಿನದಿಂದಲೇ ಬಾಗಿಲು ತೆಗೆದ ಮೂರೇ ದೇಶಗಳಲ್ಲಿ ಐರ್ಲೆಂಡ್ ಒಂದು. ಹೊರಗಿನಿಂದ ಬಂದವಳು ಸತ್ತರೆ ಊರು ಎಷ್ಟು ಬೇಗ ‘ಪಾಪ, ಆಯ್ತು ಬಿಡಿ’ ಅನ್ನುತ್ತದೆ, ಊರಿನವಳಾಗಿದ್ದರೆ ಹಾಗೆ ಅನ್ನುತ್ತಿತ್ತೇ? ಮಗಳನ್ನು ಅದೇ ದೇಶಕ್ಕೆ ಕಳಿಸಿದ ನಾನು ಇದನ್ನು ಸೋಫಾ ಮೇಲೆ ಆರಾಮಾಗಿ ಕೂತು ನೋಡಲಾಗಲಿಲ್ಲ. ನೀವೂ ಹೊರಗಿನಿಂದ ಹೋದವರು. ನಿಮಗೆ ಹೇಗನ್ನಿಸಿತು, ಬರೆಯಿರಿ.

ಹಾಗಂತ ಅಲ್ಲಿನ ಗಾರ್ಡ್‌ಗಳು ಹೀಗೇ ಅಂತ ಯಾರೂ ತಿಳಿಯಬಾರದು. ಮಗಳು ವೀಸಾ ನೋಂದಣಿಗೆ ಹೋಗಿದ್ದು ಗಾಲ್ವೇ ಠಾಣೆಗೆ, ಆಗ ಹಾಗೇ ಇತ್ತು. ಕೌಂಟರಿನವನು ಅವಳ ಹೆಸರನ್ನು ಸರಿಯಾಗಿ ಹೇಳಲು ಮೂರು ಸಲ ಪ್ರಯತ್ನ ಪಟ್ಟನಂತೆ, ಮೂರನೇ ಸಲ ಗೆದ್ದನಂತೆ.

ದಾವಣಗೆರೆ: ಇಂಗ್ಲಿಷ್ ಎಂ.ಎ. ಮಾಡಿದ್ದೇನೆ. ಒಂದು ವಾಕ್ಯ ಅರ್ಥವಾಗಲಿಲ್ಲ. ನನ್ನ ತಪ್ಪೇ?

ಅಲ್ಲವೇ ಅಲ್ಲ. ಸಬ್‌ಟೈಟಲ್ ಹಾಕಿಕೊಳ್ಳಿ, ನಾಚಿಕೆ ಬೇಡ. ‘ಗ್ರ್ಯಾಂಡ್’ ಅಂದರೆ ಭವ್ಯ ಅಲ್ಲ, ‘ಆಯ್ತು, ಪರವಾಗಿಲ್ಲ’ ಅಂತ. ‘ಗಿವಿಂಗ್ ಔಟ್’ ಅಂದರೆ ಏನೂ ಕೊಡುತ್ತಿಲ್ಲ, ಬೈಯುತ್ತಿದ್ದಾರೆ. ‘ಯರ್ ಮ್ಯಾನ್’ ಅಂದರೆ ನಿಮ್ಮ ಗಂಡ ಅಲ್ಲ, ‘ಆ ಆಸಾಮಿ’.

ಒಂದು ವಿಷಯದಲ್ಲಿ ಮಾತ್ರ ನಮಗೆ ಸುಲಭ. ಐರಿಷ್ ಭಾಷೆಯಲ್ಲಿ ಹೌದು, ಇಲ್ಲ ಅನ್ನಲು ಒಂದೊಂದು ಪದ ಅಂತ ಇಲ್ಲ. ಪ್ರಶ್ನೆಯ ಕ್ರಿಯಾಪದವನ್ನೇ ತಿರುಗಿಸಿ ಹೇಳುತ್ತಾರೆ. ‘ಬಂದನಾ?’ ‘ಬಂದ.’ ನಾವು ಮನೆಯಲ್ಲಿ ಮಾತಾಡುವುದೂ ಹಾಗೇ ಅಲ್ವಾ? ಅವರ ಇಂಗ್ಲಿಷಿಗೂ ಆ ಅಭ್ಯಾಸ ಬಂದಿದೆ. ‘ನೋಡಿದಿಯಾ?’ ಅಂದರೆ ಬರೀ ‘ನೋಡಿದೆ’. ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಇಲ್ಲ. ಜಾಕ್‌ಗೆ ಸಾಕ್ಷಿಗಳಿಂದ ಮಾತು ಹೊರಡಿಸುವುದು ಯಾಕೆ ಅಷ್ಟು ಕಷ್ಟ ಅಂತ ಈಗ ಗೊತ್ತಾಯಿತಲ್ಲ.

ಹುಬ್ಬಳ್ಳಿ: 2022ರ ‘ಹೋಲ್ಡಿಂಗ್’ ನೋಡಿದೆ, ಅದೂ ಐರಿಷ್ ಹಳ್ಳಿ ಪೊಲೀಸ್. ಯಾವುದು ಚಲೋ?

ಮನಸ್ಸಿಗೆ ಬೇಜಾರಾಗಿದ್ದರೆ ‘ಹೋಲ್ಡಿಂಗ್’ ಚಲೋ. ಗ್ರಹಾಂ ನಾರ್ಟನ್ ಬರೆದ ಕಾದಂಬರಿ, ವೆಸ್ಟ್ ಕಾರ್ಕ್‌ನ ಕಥೆ, ನಾಲ್ಕೇ ಕಂತು. ದಪ್ಪನೆಯ, ಸಂಕೋಚದ ಸಾರ್ಜೆಂಟ್ ಪಿ.ಜೆ. ಕಾಲಿನ್ಸ್. ಕಟ್ಟಡಕ್ಕೆ ನೆಲ ಅಗೆಯುವಾಗ ಮೂಳೆ ಸಿಗುತ್ತವೆ, ಆಮೇಲೆ ಊರಿನ ಹಳೇ ಪ್ರೇಮಗಳೆಲ್ಲ ಮೇಲೆ ಬರುತ್ತವೆ. ನಗು ಇದೆ, ಕೇಕ್ ಇದೆ. ಸಾರ್ಜೆಂಟ್ ಪಾತ್ರದ ಕಾನ್‌ಲೆತ್ ಹಿಲ್ ಅದ್ಭುತ. ತಮಾಷೆ ನೋಡಿ, ಅವರು ‘ಗೇಮ್ ಆಫ್ ಥ್ರೋನ್ಸ್’ನ ವೇರಿಸ್. ನಮ್ಮ ಗೆರಿ ಅದೇ ಸೀರಿಯಲ್‌ನ ಮುದಿ ಯೋಧ ಬ್ಯಾರಿಸ್ಟನ್ ಸೆಲ್ಮಿ. ರಾಜರ ಸೇವೆ ಮಾಡಿದ ಇಬ್ಬರೂ ಹಳ್ಳಿ ಠಾಣೆಯಲ್ಲಿ!

ನನಗೆ ಹೆಚ್ಚು ದಿನ ಕಾಡಿದ್ದು ಮಾತ್ರ ಜಾಕ್.

ಶಿವಮೊಗ್ಗ: ಅಂಥ ಠಾಣೆಗಳು ಈಗಲೂ ಇವೆಯೇ?

ಇವೆ, ಆದರೆ ಕಡಿಮೆಯಾಗಿವೆ. ಆರ್ಥಿಕ ಕುಸಿತದ ನಂತರ 2012 ಮತ್ತು 2013ರಲ್ಲಿ ಐರ್ಲೆಂಡ್ 139 ಠಾಣೆ ಮುಚ್ಚಿತು. ಹೆಚ್ಚಿನವು ಹಳ್ಳಿಯವು. ಹಾಗಾಗಿ ಇವತ್ತು ಈ ಸೀರಿಯಲ್ ನೋಡುವ ಹಳ್ಳಿಯವರಿಗೆ ಸಾರ್ಜೆಂಟ್ ಒಳ್ಳೆಯವನೋ ಕೆಟ್ಟವನೋ ಅನ್ನುವುದಕ್ಕಿಂತ, ಸಾರ್ಜೆಂಟ್ ಅಂತ ಒಬ್ಬ ಇದ್ದನಲ್ಲ ಅನ್ನುವುದೇ ದೊಡ್ಡದಾಗಿ ಕಾಣುತ್ತದೆ. ಪಕ್ಕದ ಮನೆಯ ಅಜ್ಜಿ ಅಂದದ್ದೂ ಇದೇ.

ತೀರ್ಥಹಳ್ಳಿ: ನಿಮ್ಮ ತಂದೆ ಇದನ್ನು ನೋಡಿದ್ದರೆ ಏನು ಅನ್ನುತ್ತಿದ್ದರು?

ಅಪ್ಪ ಹೋಗಿ ಬಹಳ ವರ್ಷ ಆಯಿತು. ನೋಡಿದ್ದರೆ ಅಪ್ಪ–ಮಗನ ಸಂಕಟದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು, ‘ಹಗಲೂ ರಾತ್ರಿ ಹೀಗೆ ಸುತ್ತಾಡ್ತಾನಲ್ಲ ಈ ಹುಡುಗ, ಠಾಣೆ ಡೈರಿ ಯಾವಾಗ ಬರೀತಾನೆ?’ ಅಂತ ಕೇಳುತ್ತಿದ್ದರು.