ಬಿದ್ರಿ ಹೂದಾನಿಯ ಫೋಟೊ ಪ್ರೆಸ್‌ಗೆ ಕೊಡಬೇಕು, 72 ಅನ್ನು 300 ಡಿಪಿಐ ಮಾಡಿದರೆ ಸಾಕೇ?

ನಿಮ್ಮ ಪ್ರಶ್ನೆ ಇಷ್ಟು: ಬೀದರಿನಲ್ಲಿ ಬಿದ್ರಿ ಅಂಗಡಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಹೂದಾನಿಯ ಫೋಟೊ. ಅದೇ ಫೋಟೊ ಎ4 ಬ್ರೋಷರ್‌ನ ಮುಖಪುಟಕ್ಕೂ, ಸ್ಟಾಲ್ ಮುಂದೆ ನಿಲ್ಲಿಸುವ 6×3 ಅಡಿ ಸ್ಟ್ಯಾಂಡಿಗೂ, ಇನ್‌ಸ್ಟಾಗ್ರಾಂಗೂ, ವೆಬ್‌ಸೈಟಿಗೂ ಬೇಕು. ಕಲಬುರಗಿಯ ಪ್ರೆಸ್‌ನವರು "300 ಡಿಪಿಐ ಮಾಡಿ ಕಳಿಸ್ರಿ" ಅಂದಿದ್ದಾರೆ. ಡಿಪಿಐ ಅಂದರೆ ಅಚ್ಚಿನಲ್ಲಿ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ, ನಿಮ್ಮ ಫೈಲಿನಲ್ಲಿ ಈಗ 72 ಎಂದಿದೆ.

ಸಾಕಾಗಲ್ಲ ರೀ. 72 ಅಳಿಸಿ 300 ಬರೆಯುವುದು ಚೀಲದ ಮೇಲಿನ ಚೀಟಿ ಬದಲಿಸಿದಂತೆ. ಒಳಗಿನ ತೊಗರಿ ಎಷ್ಟಿತ್ತೋ ಅಷ್ಟೇ. ಇನ್ನು ಫೋಟೊಶಾಪ್‌ನ ಇಮೇಜ್ ಸೈಜ್ ಕಿಟಕಿಯಲ್ಲಿ 'ರೀಸ್ಯಾಂಪಲ್' ಟಿಕ್ ಇಟ್ಟುಕೊಂಡೇ 300 ಹಾಕಿದಿರೋ, 1600 ಪಿಕ್ಸೆಲ್ ಇದ್ದದ್ದು 6667 ಆಗುತ್ತದೆ. ಫೈಲ್ ದಪ್ಪವಾಗುತ್ತದೆ, ಪ್ರೆಸ್‌ನವರು ಒಪ್ಪಿಕೊಳ್ಳುತ್ತಾರೆ, ಅಚ್ಚಾಗಿ ಬಂದಾಗ ಮಾತ್ರ ಮಸುಕು. ಹೆಚ್ಚಾದ ಪಿಕ್ಸೆಲ್‌ಗಳೆಲ್ಲ ಸಾಫ್ಟ್‌ವೇರ್ ಅಂದಾಜಿನಲ್ಲಿ ತುಂಬಿದವು.

ನೋಡಬೇಕಾದ್ದು ಪಿಕ್ಸೆಲ್ ಅಳತೆ. ಮೊಬೈಲಿನ ಗೂಗಲ್ ಫೋಟೋಸ್‌ನಲ್ಲಿ ಚಿತ್ರ ತೆರೆದು ಮೇಲಕ್ಕೆ ಸರಿಸಿ, ವಿವರದಲ್ಲಿ ಸಿಗುತ್ತದೆ. ವಿಂಡೋಸ್‌ನಲ್ಲಿ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್. ವಾಟ್ಸ್‌ಆ್ಯಪ್ ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದ ಫೋಟೊ ಆಗಿದ್ದರೆ ಉದ್ದದ ಬದಿ 1600ರ ಆಸುಪಾಸು ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಫೈಲ್ ಹೆಸರಲ್ಲಿ ಡಬ್ಲ್ಯು, ಎ ಎಂಬ ಎರಡಕ್ಷರ ಕಂಡರೆ ಅದು ವಾಟ್ಸ್‌ಆ್ಯಪ್ ಮೂಲಕ ಬಂದದ್ದೆಂದೇ ತಿಳಿಯಿರಿ. ಅದೇ 12 ಮೆಗಾಪಿಕ್ಸೆಲ್ ಮೊಬೈಲಿನ ಮೂಲ ಫೈಲ್ ಸುಮಾರು 4000×3000 ಇರಬೇಕು. ಫೋಟೊ ತೆಗೆದವರಿಗೆ ಹೇಳಿ, ಅದನ್ನೇ 'ಡಾಕ್ಯುಮೆಂಟ್' ಆಗಿ ಅಟ್ಯಾಚ್ ಮಾಡಿಸಿ ತರಿಸಿ. ಹಾಗೆ ಕಳಿಸಿದರೆ ಕುಗ್ಗುವುದಿಲ್ಲ. ಎಚ್‌ಡಿ ಆಯ್ಕೆ ಮಾಮೂಲಿಗಿಂತ ವಾಸಿ, ಆದರೂ ಅದು ಮೂಲವಲ್ಲ.

ಈಗ ಲೆಕ್ಕ. ಪಿಕ್ಸೆಲ್ ಅನ್ನು ಅಚ್ಚಿನ ಇಂಚಿನಿಂದ ಭಾಗಿಸಿ. ಎ4 ಹಾಳೆಯ ಉದ್ದ 11.69 ಇಂಚು. 1600 ÷ 11.69 ಅಂದರೆ ಇಂಚಿಗೆ 137, ಕೈಯಲ್ಲಿ ಹಿಡಿದು ನೋಡುವ ಬ್ರೋಷರ್‌ಗೆ ಕಡಿಮೆ. ಮೂಲ ಫೈಲಿನ 4000 ÷ 11.69 ಅಂದರೆ 342, ಧಾರಾಳ. ಕತ್ತರಿಸುವಾಗ ಅಂಚು ಬಿಳಿಯಾಗದಂತೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ ಸೇರಿಸಿದರೂ 300ರ ಮೇಲೆಯೇ ಉಳಿಯುತ್ತದೆ. ವಾಟ್ಸ್‌ಆ್ಯಪ್ ಪ್ರತಿಯಿಂದ 300ರಲ್ಲಿ ಅಚ್ಚಾಗುವುದು 5.3×4 ಇಂಚು ಮಾತ್ರ. ಒಳಪುಟದ ಸಣ್ಣ ಚಿತ್ರಕ್ಕೆ ಆದೀತು.

ಸ್ಟ್ಯಾಂಡಿಗೂ 300 ಕೇಳಿದರೆ ಹೆದರಬೇಡಿ. ಸಾಮಾನ್ಯ ಕಣ್ಣು ಬಿಡಿಸಿ ನೋಡಬಲ್ಲದ್ದು ಒಂದು ಡಿಗ್ರಿಯ 60ನೇ ಒಂದು ಭಾಗ. ಒಂದು ಅಡಿ ದೂರದಲ್ಲಿ ಅದು ಇಂಚಿಗೆ 286 ಚುಕ್ಕೆ. ದೂರ ಹೆಚ್ಚಿದಷ್ಟೂ ಕಡಿಮೆ ಸಾಕು. ಬಾಯಿಲೆಕ್ಕಕ್ಕೆ 300 ಅನ್ನು ನೋಡುವ ದೂರದ ಅಡಿಯಿಂದ ಭಾಗಿಸಿ: 3 ಅಡಿಗೆ 100, 5 ಅಡಿಗೆ 60, 10 ಅಡಿಗೆ 30. ನಿಮ್ಮ ಸ್ಟ್ಯಾಂಡಿ 72 ಇಂಚು ಎತ್ತರ. 4000 ÷ 72 ಅಂದರೆ 55. ಐದಾರು ಅಡಿ ದೂರಕ್ಕೆ ಚೆನ್ನಾಗಿರುತ್ತದೆ. ವಾಟ್ಸ್‌ಆ್ಯಪ್ ಪ್ರತಿ ಹಾಕಿದರೆ 22, ಸ್ಟಾಲಿಗೆ ಬಂದವರ ಕಣ್ಣಿಗೆ ಚಿತ್ರ ಒಡೆದು ಮಸುಕಾಗಿ ಕಾಣುತ್ತದೆ. ವಿಚಿತ್ರವೆಂದರೆ ರಸ್ತೆ ಬದಿಯ 20 ಅಡಿ ಫ್ಲೆಕ್ಸ್‌ಗಿಂತ ಸ್ಟ್ಯಾಂಡಿಗೇ ಒಳ್ಳೆ ಫೋಟೊ ಬೇಕು, ಜನ ಅದರ ಹತ್ತಿರ ಬರುತ್ತಾರಲ್ಲ.

ಪಿಕ್ಸೆಲ್ ಎಣಿಕೆ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ, ಬಿದ್ರಿಗಂತೂ ಅಲ್ಲವೇ ಅಲ್ಲ. ಕೋಟೆಯ ಮಣ್ಣು, ನವಸಾಗರ ಹಚ್ಚಿ ಕಪ್ಪಾಗಿಸಿದ ಮೈ, ಅದರ ಮೇಲೆ ಕೂದಲೆಳೆಯಂಥ ಬೆಳ್ಳಿ ತಂತಿ. ಕಪ್ಪು ಬಿಳುಪು ಹೀಗೆ ಒತ್ತೊತ್ತಾಗಿ ಬಂದ ಕಡೆಯೇ ಜೆಪೆಗ್ ಸಂಕೋಚನ, ಅಂದರೆ ಫೈಲ್ ಚಿಕ್ಕದಾಗಿಸಲು ವಿವರ ಬಿಡುವುದು, ಹೆಚ್ಚು ಕೆಡಿಸುತ್ತದೆ. ಚಿತ್ರವನ್ನು 100% ಜೂಮ್ ಮಾಡಿ ತಂತಿಯ ಅಂಚು ನೋಡಿ. ಸುತ್ತ ಬೂದು ಮಂಜಿನಂಥ ಚುಕ್ಕೆಗಳಿದ್ದರೆ ಫೈಲ್ ಅತಿಯಾಗಿ ಸಂಕೋಚನಗೊಂಡಿದೆ. ಅಂಚಿಗೆ ಬಿಳಿ ಗೆರೆಯಿದ್ದರೆ ಮೊಬೈಲ್ ಅತಿಯಾಗಿ ಶಾರ್ಪ್ ಮಾಡಿದೆ. ಎರಡನ್ನೂ ಆಮೇಲೆ ತೆಗೆಯುವುದು ಕಷ್ಟ, ಮತ್ತೆ ಫೋಟೊ ತೆಗೆಯುವುದೇ ಸುಲಭ. ಸಣ್ಣ ಚಿತ್ರವನ್ನು ಹಿಗ್ಗಿಸಿಕೊಡುವ ಎಐ ಅಪ್‌ಸ್ಕೇಲರ್‌ಗಳನ್ನು ನಾನು ಈ ಕೆಲಸಕ್ಕೆ ಹೇಳುವುದಿಲ್ಲ. ಅವು ಬಳ್ಳಿಯ ಸುರುಳಿಯನ್ನು ತಮ್ಮಿಷ್ಟದಂತೆ ತಿದ್ದಿಬಿಡುತ್ತವೆ. ಗಿರಾಕಿಗೆ ಗೊತ್ತಾಗದಿದ್ದರೂ ಕೆತ್ತಿದ ಕುಶಲಕರ್ಮಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಇನ್‌ಸ್ಟಾಗ್ರಾಂ ಪೋಸ್ಟ್‌ಗೆ 1080×1350, ಸ್ಟೋರಿಗೆ 1080×1920. ನೀವೇ ಈ ಅಳತೆಗೆ ಇಳಿಸಿ ಹಾಕಿ. 4000 ಪಿಕ್ಸೆಲ್ ಫೈಲನ್ನೇ ತುರುಕಿದರೆ ಇಳಿಸುವ ಕೆಲಸ ಆ್ಯಪ್‌ನ ಕೈಗೆ ಹೋಗುತ್ತದೆ, ಆಗ ಒತ್ತಾದ ತಂತಿಗಳು ಸೇರಿ ಇಲ್ಲದ ಅಲೆಯ ಗೆರೆ ಮೂಡುವುದುಂಟು.

ವೆಬ್‌ಸೈಟಿನಲ್ಲಿ ಡಿಪಿಐ ಎಂಬುದಕ್ಕೆ ಅರ್ಥವೇ ಇಲ್ಲ. ಚಿತ್ರ ಪುಟದಲ್ಲಿ 800 ಪಿಕ್ಸೆಲ್ ಅಗಲ ಕಾಣುವುದಾದರೆ 1600 ಅಗಲದ್ದು ಹಾಕಿ, ಈಗಿನ ಮೊಬೈಲ್ ಪರದೆಗಳಿಗೆ ಎರಡು ಪಟ್ಟು ಬೇಕಾಗುತ್ತದೆ. ಬಣ್ಣ ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಪದ್ಧತಿಯದು, ಫೈಲ್ 200–300 ಕೆಬಿ. ಎಲ್ಲ ಪ್ರತಿಗಳನ್ನೂ ಮೂಲ ಫೈಲಿನಿಂದಲೇ ಮಾಡಿ, ಇನ್‌ಸ್ಟಾಗ್ರಾಂಗೆ ಇಳಿಸಿದ್ದನ್ನು ಪ್ರೆಸ್‌ಗೆ ಕಳಿಸಬೇಡಿ.

ಸ್ಟ್ಯಾಂಡಿ ಆರ್ಡರ್ ಕೊಡುವ ಮುಂಚೆ ಒಂದು ಕೆಲಸ: ಮೂಲ ಫೋಟೊದಲ್ಲಿ ಹೂದಾನಿಯ ಕೆತ್ತನೆಯಿರುವ ಕಡೆ ಸುಮಾರು 460×650 ಪಿಕ್ಸೆಲ್‌ನಷ್ಟು ತುಂಡು ಕತ್ತರಿಸಿ, ಅಷ್ಟನ್ನೇ ಎ4 ಹಾಳೆ ತುಂಬ ಪ್ರಿಂಟ್ ತೆಗೆಯಿರಿ. ಸ್ಟ್ಯಾಂಡಿಯಲ್ಲಿ ಆ ಭಾಗ ಬರುವುದು ಅದೇ ಅಳತೆಯಲ್ಲಿ. ಗೋಡೆಗೆ ಅಂಟಿಸಿ, ಐದು ಅಡಿ ಹಿಂದೆ ಸರಿದು ನೋಡಿ.