ಮೇಲಿನ ಸ ಎಲ್ಲಿ ಖರ್ಚಾಗುತ್ತಿತ್ತು?

ಹಾಡಿನ ವಿಷಯಕ್ಕೆ ಆಪ್ತಸಲಹೆಗೆ ಯಾರು ಬರ್ತಾರೆ ಅಂತ ಕೇಳುವವರಿದ್ದಾರೆ. ಬಳ್ಳಾರಿಯಲ್ಲಿ ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಆದರೆ ಬಂದ ಕೂಡಲೇ ಯಾರೂ ಹಾಡಿನ ಮಾತು ಎತ್ತುವುದಿಲ್ಲ. ನಿದ್ದೆ ಇಲ್ಲ, ಮನೆಯಲ್ಲಿ ಸುಮ್ನೆ ಸಿಟ್ಟು ಬರುತ್ತೆ, ನಾಲ್ಕು ಜನರ ಮುಂದೆ ನಿಲ್ಲೋಕೆ ಆಗಲ್ಲ ಅಂತ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದ ಮೇಲೆ ಹಾಡು ಬರುತ್ತದೆ. ಭಜನಾ ಮಂಡಳಿಯ ಟೀಚರ್, ಮದುವೆ ಆರ್ಕೆಸ್ಟ್ರಾದಲ್ಲಿ ಅವಕಾಶ ಕಾಯುವ ಹುಡುಗ, ಕರೋಕೆ ಗುಂಪು ಸೇರಿದ ನಿವೃತ್ತ ನೌಕರ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು. "ಮ್ಯಾಲಿನ ಸ್ವರ ಹತ್ತಂಗಿಲ್ರೀ ಮೇಡಂ. ನನ್ನಾಗ ಏನೋ ಕಮ್ಮಿ ಐತಿ."

ಮೊದಲ ಮಾತು ಗಂಟಲಿನದು. ಎರಡನೆಯದು ಮನಸ್ಸಿನದು. ಈ ಎರಡೂ ಅಂಟಿಕೊಂಡು ಬರುತ್ತವಲ್ಲ, ಅದೇ ನನ್ನನ್ನು ಕಾಡುತ್ತದೆ. ಅದಕ್ಕೇ ಹಾಗೆ ಬಂದ ಒಬ್ಬರ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವರ ವಯಸ್ಸು ಮೂವತ್ತರ ಆಸುಪಾಸು. ಜೀನ್ಸ್ ಹೊಲಿಯುವ ಘಟಕದಲ್ಲಿ ಸೂಪರ್‌ವೈಸರ್. ನಮ್ಮೂರಿನ ಜೀನ್ಸ್ ಕೆಲಸ ಗೊತ್ತಿದ್ದವರಿಗೆ ಆ ಸದ್ದೂ ಗೊತ್ತಿರುತ್ತದೆ. ಸಂಗೀತ ಕಲಿತವರಲ್ಲ. ಕೇಳಿ ಕೇಳಿ ಹಾಡಿದವರು. ವಾರಕ್ಕೊಮ್ಮೆ ಗೆಳೆಯರ ಗುಂಪಿನಲ್ಲಿ ಕರೋಕೆ ಟ್ರ್ಯಾಕ್ ಹಾಕಿಕೊಂಡು ಸಿನಿಮಾ ಹಾಡು ಹಾಡುತ್ತಿದ್ದರು. ಗಣೇಶನ ಹಬ್ಬದ ಪೆಂಡಾಲಿನಲ್ಲಿ ಒಂದು ಹಾಡಿಗೆ ಅವಕಾಶ ಸಿಕ್ಕಿತು. ಚರಣದ ಮೇಲಿನ ಜಾಗದಲ್ಲಿ ದನಿ ಒಡೆಯಿತು. ಯಾರೋ ಅಷ್ಟನ್ನೇ ಕತ್ತರಿಸಿ ವಾಟ್ಸಾಪ್ ಗುಂಪಿಗೆ ಹಾಕಿದರು. ನಗುವ ಗೊಂಬೆಗಳು ಸಾಲಾಗಿ ಬಂದವು.

ಅಲ್ಲಿಂದ ಹಟ ಹತ್ತಿತು. ಬೆಳಗಿನ ಜಾವ ಎದ್ದು ಗುಡ್ಡದ ಬುಡಕ್ಕೆ ಹೋಗಿ ಅದೇ ಸಾಲನ್ನು ಗಂಟಲು ಹರಿಯುವ ಹಾಗೆ ಹಾಡುವುದು. ಹಸಿ ಮೊಟ್ಟೆ ಕುಡಿಯುವುದು. ಜೇನುತುಪ್ಪದಲ್ಲಿ ಕರಿಮೆಣಸು, ಬಾಯಲ್ಲಿ ಸದಾ ಜೇಷ್ಠಮಧು. ದನಿ ಏರಲಿಲ್ಲ, ಬದಲಿಗೆ ದಿನದಿನಕ್ಕೆ ಗೊಗ್ಗರಾಯಿತು. ಮನೆಯಲ್ಲಿ ಮಾತು ನಿಂತಿತು. ಕರೆದುಕೊಂಡು ಬಂದವರು ಹೆಂಡತಿ. "ಇವ್ರು ಮಗನ ಜೋಡಿ ಸೈತ ಮಾತಾಡಂಗಿಲ್ರೀ. ಕೇಳಿದ್ರ ದನಿ ಉಳಿಸ್ಕೋಬೇಕು ಅಂತಾರ," ಅಂದರು.

ಮೊದಲು ನಾನು ಮಾಡಿದ್ದು ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಕಳಿಸಿದ್ದು. ಇದರಲ್ಲಿ ನನಗೆ ರಾಜಿ ಇಲ್ಲ. ಮೂರು ವಾರ ದಾಟಿದರೂ ದನಿ ಒಡಕಾಗಿಯೇ ಇದ್ದರೆ, ಹಾಡುವವರಾಗಲಿ ಹಾಡದವರಾಗಲಿ, ಒಮ್ಮೆ ಗಂಟಲೊಳಗೆ ನೋಡಿಸಲೇಬೇಕು. ಅದು ಮನಸ್ಸಿನ ಕಾರಣವೋ ದೇಹದ ಕಾರಣವೋ ಅಂತ ಕುರ್ಚಿಯಲ್ಲಿ ಕೂತು ಊಹಿಸುವ ಹಕ್ಕು ಯಾವ ಆಪ್ತಸಲಹೆಗಾರರಿಗೂ ಇಲ್ಲ. ವೈದ್ಯರು ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರು. ಧ್ವನಿತಂತುಗಳ ಅಂಚಿನಲ್ಲಿ ಊತ ಇತ್ತು. ಹೀಗೇ ಬಿಟ್ಟರೆ ಗಂಟಾಗುತ್ತದೆ ಅಂತ ಎಚ್ಚರಿಸಿದರು. ಈ ಗಂಟು ಹಾಡುಗಾರರಲ್ಲಿ, ಶಿಕ್ಷಕರಲ್ಲಿ ಸಾಮಾನ್ಯ. ಕ್ಯಾನ್ಸರ್ ಅಲ್ಲ. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ, ದನಿ ಬಳಸುವ ರೀತಿ ತಿದ್ದುವ ಚಿಕಿತ್ಸೆಯೇ ಮೊದಲ ದಾರಿ. ಅವರಿಗೆ ಒಬ್ಬ ವಾಕ್ ಚಿಕಿತ್ಸಕರ ಜೊತೆ ಅಭ್ಯಾಸ ಶುರುವಾಯಿತು.

ಆದರೂ ಅವರ ಮುಖ ತಿಳಿಯಾಗಲಿಲ್ಲ. "ಹಾಡಿದ್ದು ಜಾಸ್ತಿ ಆತು ಅಂತ ಡಾಕ್ಟ್ರು ಅಂದ್ರು. ಗುಂಪಿನ್ಯಾಗ ನಾ ಹಾಡೋದ ವಾರಕ್ಕ ಎರಡು ತಾಸು. ಅಷ್ಟಕ್ಕ ಗಂಟಲು ಹೋಗ್ತದಂದ್ರ, ನಂದು ಹಾಡೋ ಗಂಟಲ ಅಲ್ಲ ಬಿಡ್ರಿ."

ಮುಂದಿನ ಶನಿವಾರದ ಭೇಟಿಯಲ್ಲಿ ನಾನು ಹಾಡಿನ ಸುದ್ದಿ ಬಿಟ್ಟೆ. ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾತಾಡಿದಿರಿ, ಯಾರ ಜೊತೆ, ಎಷ್ಟು ಜೋರಾಗಿ ಅಂತ ಕೇಳಿದೆ. ಬೇಸರದಿಂದಲೇ ಶುರು ಮಾಡಿದರು. ಘಟಕದ ಮಾತು ಬಂದಾಗ ಕೈ ಕಾಲು ಆಡತೊಡಗಿದವು. ಒಂದು ಕಡೆ ಪಾಕೆಟ್ ಹಚ್ಚುವವರು, ಇನ್ನೊಂದು ಕಡೆ ಸೊಂಟಪಟ್ಟಿ, ಕೊನೆಗೆ ದಾರ ಕತ್ತರಿಸುವವರು. ಎಲ್ಲ ಮಷಿನ್ನೂ ಒಟ್ಟಿಗೆ ಓಡುತ್ತವೆ. ಮೇಲೆ ಫ್ಯಾನು. ಯಾರೋ ಹಾಕಿದ ಹಾಡು ಬೇರೆ.

"ಹಂಗಾದ್ರೆ ಒಂದು ಬಂಡಲ್ ಕಾಣ್ತಿಲ್ಲ ಅಂದ್ರೆ ಹೇಗೆ ಕೇಳ್ತೀರಿ?" ಅಂದೆ.

"ಹೆಂಗಂದ್ರ? ಕೂಗ್ತೀನ್ರಿ."

"ಕೂಗಿ ನೋಡೋಣ. ಅಲ್ಲಿ ಕೂಗೋ ಹಾಗೇ. ಒಂದೇ ಸಲ ಸಾಕು."

ನಾಚಿಕೊಂಡರು. ಬಾಗಿಲು ಮುಚ್ಚಿದೆಯಾ ಅಂತ ನೋಡಿದರು. ಆಮೇಲೆ ಕೂಗಿದರು. "ಏಯ್, ಎಂಟನೇ ಬಂಡಲ್ ಎಲ್ಲಿ ಹೋತೋ!" ಕಿಟಕಿಯ ಗಾಜು ಸಣ್ಣಗೆ ಅದುರಿತು. ಹೊರಗೆ ಕೂತಿದ್ದ ಹೆಂಡತಿ ಗಾಬರಿಯಿಂದ ಬಾಗಿಲು ತೆಗೆದು ಇಣುಕಿದರು.

ಅವರ ಮೊಬೈಲಿನಲ್ಲಿ ಸ್ವರ ತೋರಿಸುವ ಆ್ಯಪ್ ಇತ್ತು. ಹಾಡುವಾಗ ಮುಳ್ಳು ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾ ಕೊರಗುವುದಕ್ಕೆ ಇಟ್ಟುಕೊಂಡಿದ್ದು. ನಾನು ಹೇಳಲಿಲ್ಲ, ಅವರೇ ಅದನ್ನು ತೆರೆದರು. "ಎಲ್ಲೋ ಎಂಟನೇ" ಅಂತ ಅರ್ಧ ಕೂಗಿ ಪರದೆ ನೋಡಿದರು. ಮುಳ್ಳು ಅವರ ಶ್ರುತಿಯ ಮೇಲಿನ ಸ, ಅಂದರೆ ಸರಿಗಮಪದನಿ ಮುಗಿದು ಮತ್ತೆ ಬರುವ ಸ, ದಾಟಿ ನಿಂತಿತ್ತು. ಪೆಂಡಾಲಿನಲ್ಲಿ ಒಡೆದ ಜಾಗದ ಪಕ್ಕದಲ್ಲೇ.

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು. "ಅಂದ್ರ ನನ್ನ ಮ್ಯಾಲಿನ ಸ ದಿನಾ ಫ್ಯಾಕ್ಟ್ರ್ಯಾಗ ಖರ್ಚಾಗ್ತದ್ರೀ ಮೇಡಂ. ಸಂಜೀಕ ಹಾಡಾಕ ಉಳಿಯೋದ ಇಲ್ಲ."

ಇಷ್ಟು ಸರಿಯಾಗಿ ನಾನು ಹೇಳಲಾರೆ. ಲೆಕ್ಕ ನೋಡಿ. ಗಂಡಸರು ಹೆಚ್ಚಾಗಿ ಹಿಡಿಯುವ ಕಪ್ಪು ಒಂದರ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯನ್ನು ಸ ಅಂತ ಹಿಡಿದು, ಮಧ್ಯದ ಸ ಹಾಡಿದರೆ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 139 ಸಲ ಬಡಿದುಕೊಳ್ಳುತ್ತವೆ. ಮೇಲಿನ ಸ ಅಂದರೆ ಅದರ ಎರಡರಷ್ಟು, ಸುಮಾರು 277 ಸಲ. ಸ್ವರ ಏರಿದಷ್ಟೂ ತಂತುಗಳು ಉದ್ದಕ್ಕೆ ಎಳೆದುಕೊಂಡು ತೆಳ್ಳಗಾಗುತ್ತವೆ. ಹದವಾಗಿ ಹಾಡಿದರೆ ಮೆತ್ತಗೆ ಮುಟ್ಟುತ್ತವೆ. ಕೂಗಿದರೆ ಅಪ್ಪಳಿಸುತ್ತವೆ. ಇದು ದಿನಕ್ಕೆ ಎಂಟು ಹತ್ತು ತಾಸು, ವಾರಕ್ಕೆ ಆರು ದಿನ. ವಾರದ ಎರಡು ತಾಸಿನ ಹಾಡನ್ನು ಅವರು ಬೈದುಕೊಳ್ಳುತ್ತಿದ್ದರು!

ಕೂಗುತ್ತಿದ್ದೇನೆ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಅದು ಅವರ ಅಜಾಗರೂಕತೆ ಅಲ್ಲ. ಸುತ್ತ ಸದ್ದು ಜಾಸ್ತಿಯಾದರೆ ಮನುಷ್ಯ ತಾನಾಗಿಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಇದನ್ನು 1911ರಲ್ಲೇ ಬರೆದಿದ್ದಾರೆ. ಇವತ್ತಿಗೂ ಆ ಗುಣಕ್ಕೆ ಅವರದೇ ಹೆಸರು.

ಆ ದಿನದಿಂದ "ನನ್ನಾಗ ಕಮ್ಮಿ ಐತಿ" ಅನ್ನುವ ಮಾತು ಸಡಿಲವಾಯಿತು. ನನ್ನ ಸಲಹೆಗೆ ಜಾಗ ಆದದ್ದು ಆಮೇಲೆಯೇ.

ಮೊದಲನೆಯದು ಘಟಕಕ್ಕೆ ಸಂಬಂಧಪಟ್ಟದ್ದು. ಕೂಗಬೇಡಿ ಅಂದರೆ ಸಾಲದು, ಕೂಗದೆ ಕೆಲಸ ನಡೆಯುವ ದಾರಿ ಬೇಕು. ಕೊರಳಿಗೆ ಒಂದು ಸೀಟಿ. ಬಂಡಲ್ ನಂಬರ್ ಬರೆದು ಎತ್ತಿ ತೋರಿಸಲು ಒಂದು ಸಣ್ಣ ಬೋರ್ಡ್. ಮಿಕ್ಕದ್ದಕ್ಕೆ ಆ ಮಷಿನ್ನಿನ ಹತ್ತಿರವೇ ನಡೆದು ಹೋಗಿ ಕಿವಿಯ ಹತ್ತಿರ ಮಾತಾಡುವುದು. ಬಟ್ಟೆಯ ಧೂಳಿಗೆ ಮಾಸ್ಕ್. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಆದ್ದರಿಂದ ಬಾಯಾರುವ ತನಕ ಕಾಯದೆ ನೀರು. ದನಿ ಕೂತ ದಿನ ಪಿಸುಗುಟ್ಟಿ ಮಾತಾಡುವುದೂ ಬೇಡ, ಒತ್ತಿ ಪಿಸುಗುಟ್ಟಿದರೂ ಗಂಟಲು ಬಿಗಿಯುತ್ತದೆ. ಅವರಿಗೆ ಹೆದರಿಕೆ ಇದ್ದದ್ದು ಬೇರೆ. "ಕೂಗದಿದ್ರ ಇವ ಮೆತ್ತಗಾದ ಅಂತ ಮಾಲೀಕರು ಅಂದ್ಕೋತಾರ." ವೈದ್ಯರ ಚೀಟಿ ತೋರಿಸಿ ಎರಡೇ ವಾಕ್ಯದಲ್ಲಿ ಹೇಗೆ ಹೇಳುವುದು ಅಂತ ನಾವಿಬ್ಬರೂ ಆಡಿ ನೋಡಿದೆವು. ನಾನು ಮಾಲೀಕಳಾದೆ. ಮಾಲೀಕರು ನಾನಂದುಕೊಂಡಷ್ಟು ಕಷ್ಟ ಕೊಡಲಿಲ್ಲ.

ಎರಡನೆಯದು ಮದ್ದುಗಳ ಮಾತು. ಮೊಟ್ಟೆ, ಜೇನುತುಪ್ಪ ಯಾವುದೂ ಧ್ವನಿತಂತುವನ್ನು ಮುಟ್ಟುವುದಿಲ್ಲ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ತಂತುಗಳಿರುವುದು ಉಸಿರಿನ ದಾರಿಯಲ್ಲಿ. ಅಲ್ಲಿಗೆ ಒಂದು ಹನಿ ಹೋದರೂ ಕೆಮ್ಮು ಬಂದು ಹೊರಗೆ ಹಾಕುತ್ತದೆ. ಬಾಯಿಗೆ ಹಿತ ಅನ್ನಿಸಿದರೆ ಜೇಷ್ಠಮಧು ಅಗಿಯಲಿ, ಆದರೆ ಅದು ಸ್ವರ ಏರಿಸುತ್ತದೆ ಅಂತ ನಂಬಿ ಗಂಟಲನ್ನು ಇನ್ನಷ್ಟು ದುಡಿಸಬಾರದು. ರಾತ್ರಿ ಹನ್ನೊಂದಕ್ಕೆ ಮಿರ್ಚಿ ಬಜ್ಜಿ ತಿಂದು ಕೂಡಲೇ ಮಲಗುವುದನ್ನು ಮಾತ್ರ ಬಿಡಿಸಿದೆ. ಹುಳಿ ಮೇಲಕ್ಕೆ ಬಂದರೆ ಗಂಟಲಿಗೆ ನಿಜವಾಗಿಯೂ ತೊಂದರೆ.

ಮೂರನೆಯದಕ್ಕೆ ಜಗಳವೇ ಆಯಿತು. ಶ್ರುತಿ ಇಳಿಸಿ ಅಂದೆ. ಟ್ರ್ಯಾಕ್ ನುಡಿಸುವ ಆ್ಯಪಿನಲ್ಲಿ ಅರ್ಧರ್ಧ ಸ್ವರ ಇಳಿಸುವ ಗುಂಡಿ ಇರುತ್ತದೆ. ಮೂಲ ಗಾಯಕರ ಶ್ರುತಿಗಿಂತ ಎರಡು ಮೂರು ಮನೆ ಕೆಳಗೆ ಹಾಡಿ ನೋಡಿ ಅಂದೆ. "ಸ್ಕೇಲ್ ಇಳಿಸಿದ್ರ ಮರ್ಯಾದೆ ಹೋತು ಅಂತಾರ್ರೀ ನಮ್ಮ ಗುಂಪಿನ್ಯಾಗ," ಅಂದರು.

ಈ ಮರ್ಯಾದೆಯ ಲೆಕ್ಕ ಎಲ್ಲಿಂದ ಬಂತು ಅಂತ ನಾನು ಯೋಚಿಸಿದ್ದೇನೆ. ಬಳ್ಳಾರಿ ಕಂಪನಿ ನಾಟಕದ ಊರು. ಸುಭದ್ರಮ್ಮ ಮನ್ಸೂರರಂಥ ದೊಡ್ಡ ಕಲಾವಿದರು ರಂಗದ ಮೇಲೆ ಹಾಡಿದ ಊರು. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಮುಟ್ಟಬೇಕಾದರೆ ಏರು ದನಿಯೇ ಬೇಕಿತ್ತು. ಏರು ದನಿಯ ಮೇಲಿನ ನಮ್ಮ ಪ್ರೀತಿಗೆ ಅದೂ ಒಂದು ಕಾರಣ ಇರಬೇಕು, ಆ ಪ್ರೀತಿ ನನಗೂ ಇದೆ. ಆದರೆ ಈಗ ಪ್ರತಿ ಪೆಂಡಾಲಿನಲ್ಲೂ ಮೈಕ್ ಇದೆ. ಮತ್ತೆ, ನಮ್ಮ ಶಾಸ್ತ್ರೀಯ ಸಂಗೀತ ಏನು ಹೇಳುತ್ತದೆ? ಹಿಂದೂಸ್ತಾನಿ ಇರಲಿ ಕರ್ನಾಟಕ ಸಂಗೀತ ಇರಲಿ, ಹಾಡುವವರ ಕಂಠಕ್ಕೆ ತಕ್ಕಂತೆ ತಂಬೂರಿ ಶ್ರುತಿ ಮಾಡುತ್ತಾರೆ. ತಂಬೂರಿಗೆ ತಕ್ಕಂತೆ ಕಂಠ ಮಾಡಿಕೋ ಅಂತ ಯಾವ ಗುರುವೂ ಹೇಳುವುದಿಲ್ಲ. ಒಬ್ಬರು ಬಿಳಿ ಎರಡಕ್ಕೆ ಹಾಡುತ್ತಾರೆ, ಇನ್ನೊಬ್ಬರು ಬಿಳಿ ಏಳಕ್ಕೆ. ಅದರಿಂದ ಯಾರೂ ಸಣ್ಣವರಾಗುವುದಿಲ್ಲ. ಸಿನಿಮಾ ಟ್ರ್ಯಾಕ್ ಮಾತ್ರ ಯಾರದೋ ಕಂಠದ ಅಳತೆಗೆ ಹೊಲಿದ ಅಂಗಿ. ಅದು ಬಿಗಿಯಾದರೆ ಮೈ ಕೊಯ್ದುಕೊಳ್ಳುವುದಿಲ್ಲ, ಹೊಲಿಗೆ ಬಿಚ್ಚುತ್ತೇವೆ. ಜೀನ್ಸ್ ಕೆಲಸದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಹಾಗಂತ ಮೇಲಿನ ಸ್ವರದ ಆಸೆ ಬಿಡಿ ಅಂತ ನಾನು ಹೇಳಿಲ್ಲ. ದನಿ ಏರಿಳಿಯುವ ಹರವು ಬೆಳೆಯುತ್ತದೆ, ದೊಡ್ಡವರಲ್ಲೂ ಬೆಳೆಯುತ್ತದೆ. ಆದರೆ ಅಂಚಿನಲ್ಲಿ ಅರ್ಧರ್ಧ ಸ್ವರವಾಗಿ, ತಿಂಗಳುಗಟ್ಟಲೆ. ವಾಕ್ ಚಿಕಿತ್ಸಕರು ಹೇಳಿಕೊಟ್ಟ ಅಭ್ಯಾಸ ಇದು: ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ, ಗುಳ್ಳೆ ಬರಿಸುತ್ತಾ, ಊ ಅಂತ ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ಜಾರುವುದು. ಬಾಯಿಯ ಕಿರಿದಾದ ದಾರಿಯಿಂದ ಹಿಂದಕ್ಕೆ ಬೀಳುವ ಒತ್ತಡದಿಂದ ತಂತುಗಳು ಕಡಿಮೆ ಬಡಿತದಲ್ಲೇ ಅದುರುತ್ತವೆ. ಆಮೇಲೆ ಬಾಯಿ ಮುಚ್ಚಿ ಗುನುಗು. ಆಮೇಲೆ ಸ್ವಲ್ಪ ಅಕಾರ, ಅಂದರೆ ಆ ಅಂತ ಬಾಯಿ ತೆರೆದು ಹಾಡುವುದು. ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ, ಸಾಕು. ಊತ ಇಳಿದ ಮೇಲೆ ಬೆಳಿಗ್ಗೆ ಮಂದ್ರದಲ್ಲಿ ಖರಜ ಹಿಡಿಯುವುದು, ಅಂದರೆ ಕೆಳಗಿನ ಸ ಹಾಡಿ ನಿಲ್ಲಿಸುವುದು, ಸೇರಿತು. ಅದನ್ನೂ ಒತ್ತದೆ. ಗದ್ದ ಮೇಲಕ್ಕೆ ಹೋಯಿತು, ಕುತ್ತಿಗೆಯ ನರ ಉಬ್ಬಿತು ಅಂದರೆ ಆ ದಿನದ ಗಡಿ ಅಲ್ಲಿಗೆ ಬಂತು ಅಂತ ಅರ್ಥ. ನಿಲ್ಲಿಸಬೇಕು.

ನನ್ನ ಪಾಲಿನ ಕೆಲಸ ಇರುವುದೂ ಆ ಕುತ್ತಿಗೆಯಲ್ಲೇ. ಹೆದರಿದವರ ಗಂಟಲು ಬಿಗಿಯುತ್ತದೆ, ಉಸಿರು ಎದೆಯ ಮೇಲ್ಭಾಗಕ್ಕೆ ಬರುತ್ತದೆ. ಆ ಜಾಗ ಬಂತು, ಈಗ ಒಡೆಯುತ್ತೆ ಅಂತ ಅಂದುಕೊಂಡ ಕ್ಷಣದಲ್ಲಿ ದನಿ ನಿಜವಾಗಿಯೂ ಒಡೆಯುತ್ತದೆ. ಆ ವಿಡಿಯೊ ಅವರು ರಾತ್ರಿ ಮತ್ತೆ ಮತ್ತೆ ನೋಡುತ್ತಿದ್ದರು. ಅದನ್ನು ಅಳಿಸಿ, ಆ ವಾಟ್ಸಾಪ್ ಗುಂಪು ಬಿಡಿ ಅಂತ ನೇರವಾಗಿ ಹೇಳಿದೆ. ನಿರ್ಧಾರ ಅವರೇ ಮಾಡಲಿ ಅಂತ ಕಾಯುವುದು ನಮ್ಮ ವೃತ್ತಿಯ ಕ್ರಮ. ಆದರೆ ಗಾಯವನ್ನು ದಿನಾ ಕೆರೆದುಕೊಳ್ಳುವವರ ಮುಂದೆ ಸುಮ್ಮನೆ ಕೂರುವುದು ನನಗೆ ಸರಿ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ.

ಸಂಗೀತ ಕಲಿಸುವ ಪರಿಚಯದವರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಸಾಧನೆ ಮಾಡಬೇಕಾದ ಹುಡುಗನಿಗೆ ಶ್ರುತಿ ಇಳಿಸು ಅಂದಿರಿ, ಆಸೆಯನ್ನೇ ಕುಗ್ಗಿಸಿದಿರಿ ಅಂದರು. ಸಾಧನೆಯ ಬಗ್ಗೆ ಅವರಿಗಿರುವ ಗೌರವ ನನಗೂ ಇದೆ. ಆದರೆ ಗುರುವಿನ ಮುಂದೆ ಕೂತು ವರ್ಷಗಟ್ಟಲೆ ಮಾಡುವ ಸಾಧನೆ ಬೇರೆ. ದಿನವಿಡೀ ಕೂಗಿ ದಣಿದ ಗಂಟಲನ್ನು ಅವಮಾನದ ಸಿಟ್ಟಿನಲ್ಲಿ ಬೆಳಗಿನ ಜಾವ ಮತ್ತೆ ಹರಿದುಕೊಳ್ಳುವುದು ಬೇರೆ. ಎರಡನೆಯದಕ್ಕೂ ಸಾಧನೆ ಅಂತ ಹೆಸರಿಟ್ಟು ಹುರಿದುಂಬಿಸುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾನು ಆ ಕೆಲಸ ಮಾಡುವುದಿಲ್ಲ. ಕಷ್ಟಪಟ್ಟರೆ ಎಲ್ಲ ಬರುತ್ತೆ ಅಂತ ಹೇಳಿ ಕಳಿಸಿದರೆ, ಬರದೇ ಇದ್ದಾಗ ಆ ಮನುಷ್ಯ ತನ್ನನ್ನೇ ಬೈದುಕೊಳ್ಳುತ್ತಾನೆ, ಅಲ್ವಾ? ಅವರು ನನ್ನ ಬಳಿ ಬಂದದ್ದೇ ಹಾಗೆ ಬೈದುಕೊಂಡು.

ನೀವು ಹಾಡುವ ಹವ್ಯಾಸದವರಾಗಿದ್ದರೆ ಒಂದು ದಿನ ಕೂತು ಬರೆದು ನೋಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ದನಿಯನ್ನು ಎಲ್ಲಿ, ಯಾರಿಗಾಗಿ, ಎಷ್ಟು ಜೋರಾಗಿ ಬಳಸಿದಿರಿ ಅಂತ. ಅರವತ್ತು ಮಕ್ಕಳ ತರಗತಿಯ ಟೀಚರ್, ಬಸ್ ಕಂಡಕ್ಟರ್, ಸಂತೆಯಲ್ಲಿ ತರಕಾರಿ ಕೂಗಿ ಮಾರುವವರು, ಮೂರು ಮಕ್ಕಳ ತಾಯಿ, ಇವರೆಲ್ಲ ಸಂಜೆ ಹಾಡಲು ಕೂತಾಗ ಸೋತ ದನಿಯಲ್ಲೇ ಕೂತಿರುತ್ತಾರೆ. ನಿಮ್ಮ ದಿನದಲ್ಲಿ ದನಿ ಉಳಿಯುವ ಹೊತ್ತು ಯಾವುದು ಅಂತ ಗೊತ್ತಾದರೆ ಅಭ್ಯಾಸವನ್ನು ಆ ಹೊತ್ತಿಗೆ ಇಡಿ. ಇವರಿಗೆ ಅದು ಭಾನುವಾರದ ಮುಂಜಾನೆ ಅಂತ ತಿಳಿಯಿತು.

ಈಗ ಊತ ಇಳಿದಿದೆ. ಇಳಿಸಿದ ಶ್ರುತಿಯಲ್ಲಿ ಆ ಹಾಡಿನ ಚರಣ ನಿಲ್ಲುತ್ತದೆ. ಮೂಲ ಶ್ರುತಿಯಲ್ಲಿ ಒಮ್ಮೊಮ್ಮೆ ಹತ್ತುತ್ತದೆ, ಒಮ್ಮೊಮ್ಮೆ ಇಲ್ಲ, ಅದಕ್ಕೆ ಅವರಿಗೆ ಇನ್ನೂ ಬೇಸರ ಇದೆ. ಮಗನ ಜೊತೆ ಮಾತು ಮೊದಲಿನಂತಾಗಿದೆ ಅಂತ ಹೆಂಡತಿ ಹೇಳಿದರು. ಘಟಕದಲ್ಲಿ ಇನ್ನೊಬ್ಬ ಸೂಪರ್‌ವೈಸರ್ ಕೂಡ ಸೀಟಿ ತಂದುಕೊಂಡಿದ್ದಾರಂತೆ. ಉಳಿದಿರುವ ತೊಡಕು ಹಾಡಿನ ಗುಂಪಿನದು. ಅಲ್ಲಿ ಟ್ರ್ಯಾಕ್ ಹಾಕುವ ಹಿರಿಯರ ಮುಂದೆ "ಅಣ್ಣಾ, ಎರಡು ಮನಿ ಇಳಿಸ್ರಿ" ಅನ್ನೋಕೆ ಅವರಿಗೆ ಇನ್ನೂ ಬಾಯಿ ಬಂದಿಲ್ಲ. ಮುಂದಿನ ಭೇಟಿಯಲ್ಲಿ ಆ ಮಾತನ್ನು ಆಡಿ ನೋಡುವುದು ಅಂತ ಇಟ್ಟುಕೊಂಡಿದ್ದೇವೆ.