ಔಷಧಿ ಗಿಡದ ತಳಿ ಅಭಿವೃದ್ಧಿಗೆ ಹೂವಿನ ರಚನೆ ಓದಲೇಬೇಕಾ? ಡಿಎನ್‌ಎ ಮಾರ್ಕರ್ (ಬೇಕಾದ ಗುಣದ ಗಿಡವನ್ನು ಪತ್ತೆಹಚ್ಚುವ ಡಿಎನ್‌ಎ ಗುರುತು) ಕಲಿತರೆ ಸಾಲದಾ?

ನಾನೂ ಇದನ್ನೇ ಕೇಳಿದ್ದೆ, ಅದೂ ನಿಮಗಿಂತ ಸ್ವಲ್ಪ ಜಂಬದಿಂದ. ಔಷಧದ ಅಂಶ ಇರುವುದು ಎಲೆಯಲ್ಲಿ, ಬೇರಿನಲ್ಲಿ. ಹೂವು ಬಿಡಿಸಿ ನೋಡಿದರೆ ಏನು ಸಿಗುತ್ತದೆ ಅಂತ.

ನನ್ನ ಗಿಡ ನಿತ್ಯಪುಷ್ಪ. ಕ್ಯಾನ್ಸರ್ ಔಷಧಿಗಳಾದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಸಿಗುವುದು ಇದರ ಎಲೆಯಿಂದ. ಆ ಅಂಶ ಜಾಸ್ತಿ ಇರುವ ಗಿಡವನ್ನು ಹುಲುಸಾಗಿ ಬೆಳೆಯುವ ಗಿಡದ ಜೊತೆ ಕ್ರಾಸ್ ಮಾಡಬೇಕಿತ್ತು. ತಾಯಿ ಗಿಡದ ಹೂವಿಗೆ ತನ್ನದೇ ಪರಾಗ ತಗುಲದಂತೆ ಮೊದಲು ಕೇಸರ, ಅಂದರೆ ಪರಾಗ ಕೊಡುವ ಗಂಡು ಭಾಗ, ತೆಗೆಯಬೇಕು. ಮೊಗ್ಗಿನ ದಳದ ಕೊಳವೆ ಕಿತ್ತರೆ ಒಳಗೆ ಅಂಟಿಕೊಂಡಿರುವ 5 ಕೇಸರಗಳೂ ಜೊತೆಗೇ ಬಂದುಬಿಡುತ್ತವೆ. ಎಷ್ಟು ಸುಲಭ ಅಲ್ವಾ! ಬ್ರಷ್‌ನಲ್ಲಿ ಇನ್ನೊಂದು ಗಿಡದ ಪರಾಗ ತೆಗೆದು ಶಲಾಕಾಗ್ರದ (ಹೂವಿನ ಹೆಣ್ಣು ಭಾಗದ, ಪರಾಗ ಹಿಡಿಯುವ ತುದಿ) ನೆತ್ತಿಗೆ ಹಚ್ಚಿದೆ. ಒಂದೂ ಕಾಯಿ ಕಚ್ಚಲಿಲ್ಲ.

ಇಲ್ಲೇ ನಾನು ಕೆಟ್ಟಿದ್ದು. ಈ ಹೂವಿನ ಶಲಾಕಾಗ್ರದ ನೆತ್ತಿಯಲ್ಲಿ ಪರಾಗ ಮೊಳೆಯುವುದೇ ಇಲ್ಲ. ಮೊಳೆಯುವ ಜಾಗ ಬುಡದಲ್ಲಿದೆ, ಲಂಗದ ಅಂಚಿನಂಥ ಒಂದು ಪೊರೆಯ ಕೆಳಗೆ. ಯಾಕೆ ಹೀಗೆ? ಪರಾಗಕೋಶಗಳು ಇರುವುದು ಸರಿಯಾಗಿ ನೆತ್ತಿಯ ಮೇಲೆ. ಹೂವು ಅರಳುವ ಮೊದಲೇ ಒಡೆದು ಪರಾಗ ಅಲ್ಲೇ ಬೀಳುತ್ತದೆ. ನೆತ್ತಿಯಲ್ಲೇ ಮೊಳೆಯುವಂತಿದ್ದರೆ ಪ್ರತಿ ಹೂವೂ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತಿತ್ತು. ಚಿಟ್ಟೆ ಸೊಂಡಿಲು ಒಳಗಿಳಿಸಿ ವಾಪಸ್ ಎಳೆಯುವಾಗ ಬೇರೆ ಹೂವಿನ ಪರಾಗ ಆ ಪೊರೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ನಾನೋ ಮೇಲಿಂದ ಬಳಿಯುತ್ತಲೇ ಇದ್ದೆ. ಜಿಗುಟು ಇರುವುದರಿಂದ ಪರಾಗ ಚೆನ್ನಾಗಿ ಅಂಟುತ್ತಿತ್ತು, ಅನುಮಾನವೂ ಬರಲಿಲ್ಲ. ಕೊನೆಗೆ ಇವೆರಡೂ ಹೊಂದುವುದಿಲ್ಲ ಎಂದು ತೀರ್ಮಾನಿಸಿ ತಾಯಿ ಗಿಡವನ್ನೇ ಕೀಳಿಸಿಬಿಟ್ಟೆ. ಅಂಥ ಎಲೆಯ ಗಿಡ ಮತ್ತೆ ಸಿಗಲಿಲ್ಲ.

ಹಾಗಾಗಿ ಹೂವೋ ಮಾರ್ಕರೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಕ್ರಾಸ್ ಆದ ಸಸಿಯೇ ಇಲ್ಲದಿದ್ದರೆ ಮಾರ್ಕರ್ ಹಿಡಿದು ಏನು ಹುಡುಕುತ್ತೀರಿ? ಹಿಪ್ಪಲಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಅಶ್ವಗಂಧ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಮೊಗ್ಗಿನಲ್ಲೇ ಕೇಸರ ತೆಗೆಯಬೇಕು. ತುಳಸಿಯ ಒಂದು ಹೂವಿಗೆ ಹೆಚ್ಚೆಂದರೆ 4 ಬೀಜ, ಬೆರಳು ನೋಯುವುದು ಗ್ಯಾರಂಟಿ. ಪುಸ್ತಕದ ಚಿತ್ರ ನೋಡಿ ಸುಮ್ನೆ ಕೂರಬೇಡಿ. ಲೆನ್ಸ್ ಹಿಡಿದು ನಿಮ್ಮ ಗಿಡದ ಮೊಗ್ಗನ್ನೇ ಬಿಡಿಸಿ.

ನಿತ್ಯಪುಷ್ಪವನ್ನೇ ಆರಿಸಿಕೊಂಡರೆ, ಬಿಳಿ ಹೂವಿನ ಗಿಡ ತಾಯಿಯಾಗಲಿ, ಗುಲಾಬಿ ಬಣ್ಣದ ಹೂವಿನ ಶುದ್ಧ ತಳಿ ತಂದೆಯಾಗಲಿ. ಮರಿಗಿಡದ ಹೂವು ಗುಲಾಬಿ ಬಣ್ಣಕ್ಕೆ ಬಂದರೆ ಕ್ರಾಸ್ ಆಗಿದೆ. ಬಿಳಿಯೇ ಬಂದರೆ ಎಲ್ಲೋ ತಾಯಿಯ ಪರಾಗವೇ ನುಸುಳಿದೆ. ಅಷ್ಟು ತಿಳಿಯಲು ಮಾರ್ಕರ್ ಬೇಕಾಗಿಲ್ಲ.